ನಾದಬಾಣಕ್ಕೆ ಬಂದ ವಿಮರ್ಶೆಗಳು

ನಮ್ಮೂರಿನ ದರ್ಜಿಗಳು ಅಂಗಿಗೆ ಮೊದಲು ಜೇಬು ಕತ್ತರಿಸುತ್ತಾರೆ, ತೋಳು ಆಮೇಲೆ. ಜೇಬು ಮೊಣಕೈವರೆಗೆ ಆಳವಿರಬೇಕು. ಸೀರೆ ಉಡುವವರು ಸೊಂಟಕ್ಕೆ ಚೀಲ ಕಟ್ಟಿಕೊಂಡು ಅದರಲ್ಲಿ ಕೈ ಇಟ್ಟುಕೊಳ್ಳುತ್ತಾರೆ. ಕೂಸುಗಳಿಗೆ ಮಾತು ತಿಳಿಯುವ ತನಕ ಕೈಗೆ ಬಟ್ಟೆ ಸುತ್ತಿರುತ್ತದೆ. ದಾರಿ ಕೇಳಿದವರಿಗೆ ಗದ್ದ ಎತ್ತಿ ತೋರಿಸುತ್ತೇವೆ. ಮದುವೆಯಲ್ಲಿ ಪುರೋಹಿತರು ಅರುಂಧತಿಯನ್ನು ಹುಬ್ಬಿನಿಂದ ತೋರಿಸುತ್ತಾರೆ, ಹಾಗಾಗಿ ಅದು ಯಾವ ನಕ್ಷತ್ರವೆಂದು ನಮ್ಮೂರಿನ ಯಾವ ಮದುಮಗಳಿಗೂ ಗೊತ್ತಿಲ್ಲ. ಇಲ್ಲಿ ಕೈ ಚಾಚಿ ಯಾವುದನ್ನು ತೋರಿಸಿದರೂ ಅದರ ದನಿ ಹೋಗುತ್ತದೆ. ಹೋದದ್ದು ಮರಳಿ ಬರುವುದಿಲ್ಲ. ಮುನಿಸಿಪಾಲಿಟಿ ಗೋಪುರದ ಗಡಿಯಾರದಲ್ಲಿ ಗಂಟೆಯ ಸುತ್ತಿಗೆ ಈಗಲೂ ಏಳುತ್ತದೆ, ಬೀಳುತ್ತದೆ, ಸದ್ದಿಲ್ಲ. ನಮ್ಮ ಹಿತ್ತಲ ನಲ್ಲಿಯ ನೀರು ಸದ್ದಿಲ್ಲದೆ ಬೀಳುತ್ತದೆ. ತೊಟ್ಟಿ ತುಂಬಿ ಹರಿದದ್ದು ಕಾಲು ಒದ್ದೆಯಾದ ಮೇಲೆಯೇ ಗೊತ್ತಾಗುವುದು. ದನಿ ಹೋದ ಮನುಷ್ಯರೂ ಇದ್ದಾರೆ. ಅವರು ಎದುರಿಗಿದ್ದವರ ಅಂಗೈ ಹಿಡಿದು ಅದರ ಮೇಲೆ ಬೆರಳಿನಿಂದ ಅಕ್ಷರ ಬರೆದು ಮಾತಾಡುತ್ತಾರೆ. ಮುಟ್ಟಿದರೆ ಏನೂ ಆಗುವುದಿಲ್ಲ. ದೂರದಿಂದ ಚಾಚಿದರೆ ಮಾತ್ರ.

ನಾನು ‘ಕಿವಿಮಾತು’ ವಾರಪತ್ರಿಕೆಯಲ್ಲಿ ಉಪಸಂಪಾದಕ. ನನ್ನ ಪಕ್ಕದ ಮೇಜು ವಾರಿಜಾ ಮೇಡಂ ಅವರದು. ಊರಿಗೆ ಬಂದ ಸಿನಿಮಾ, ನಾಟಕ, ಚಿತ್ರಪ್ರದರ್ಶನ ಎಲ್ಲಕ್ಕೂ ವಿಮರ್ಶೆ ಬರೆಯುತ್ತಿದ್ದವರು ಅವರು. ಅವರು ಹೊಗಳಿದ್ದು ಕಡಿಮೆ. ನಾಟಕದವರು ಅವರನ್ನು ಮೊದಲ ಸಾಲಿನಲ್ಲಿ ಕೂರಿಸಿ ಕಾಫಿ ಕೊಡುತ್ತಿದ್ದರು. ಕಾಫಿ ಕುಡಿದು ಬಂದು, ನಾಯಕ ಸತ್ತಾಗ ಸಭಿಕರಿಗೆ ನೆಮ್ಮದಿಯಾಯಿತು ಎಂದು ಬರೆದುಬಿಡುತ್ತಿದ್ದರು. ಸಂಗೀತದ ಬಗ್ಗೆ ಮಾತ್ರ ಅವರು ಬರೆಯುತ್ತಿರಲಿಲ್ಲ. ಅದಕ್ಕೆ ಅವರ ಅಕ್ಕ ಕಾರಣ.

ಅಕ್ಕನ ಹೆಸರು ಕುಮುದಾ. ಒಂದು ಕಾಲಕ್ಕೆ ಸುತ್ತಲಿನ ಊರುಗಳೆಲ್ಲ ಹಂಬಲಿಸಿ ಕರೆಸಿಕೊಳ್ಳುತ್ತಿದ್ದ ಹಾಡುಗಾರ್ತಿ. ನಮ್ಮೂರಿನಲ್ಲೇ ನಡೆದ ಒಂದು ಕಛೇರಿಯಲ್ಲಿ ಕೇಳುತ್ತಿದ್ದವರಲ್ಲಿ ಯಾರೋ ಮೈಮರೆತು, ‘ಭಲೇ’ ಎಂದು ಕೈ ಮುಂದೆ ಮಾಡಿದರು. ಕೆಡುಕು ಬಯಸಿ ಎತ್ತಿದ ಕೈಯಲ್ಲ, ಮೆಚ್ಚಿ ಎತ್ತಿದ್ದು. ಸ್ವರ ಅರ್ಧಕ್ಕೆ ನಿಂತಿತು. ಕುಮುದಾ ಬಾಯಿ ತೆರೆದೇ ಇದ್ದರು, ಹಿಂದೆ ತಂಬೂರಿ ನುಡಿಯುತ್ತಲೇ ಇತ್ತು. ಯಾರ ಕೈಯೆಂದು ಕೊನೆಗೂ ತಿಳಿಯಲಿಲ್ಲ. ಆಮೇಲೆ ವೀಣೆ ಕಲಿಯಲು ನೋಡಿದರು, ಹಾರ್ಮೋನಿಯಂ ತರಿಸಿದರು. ಗಂಟಲಲ್ಲಿ ಇದ್ದದ್ದು ಬೆರಳಿಗೆ ಇಳಿಯಲಿಲ್ಲ. ಎರಡಕ್ಕೂ ಬಟ್ಟೆ ಹೊದಿಸಿ ಅಟ್ಟಕ್ಕೆ ಹಾಕಿಸಿದರು. ಮದುವೆಯಾಗದ ಅಕ್ಕತಂಗಿ ಒಂದೇ ಮನೆಯಲ್ಲಿ, ತಂಗಿ ಮಾತಾಡುತ್ತಾ, ಅಕ್ಕ ತಂಗಿಯ ಅಂಗೈಯಲ್ಲಿ ಬರೆಯುತ್ತಾ ಇದ್ದರು.

ಹೀಗಿರುವಾಗ ಫಿಲೋಮಿನಾ ಎಂಬ ಹೆಂಗಸು ಕರಾವಳಿಯ ಕಡೆಯಿಂದ ಲಾರಿಯಲ್ಲಿ ಸಾಮಾನು ಹೇರಿಕೊಂಡು ಬಂದಳು. ಮುಚ್ಚಿದ್ದ ಹಳೆಯ ಟಾಕೀಸನ್ನು ಬಾಡಿಗೆಗೆ ಹಿಡಿದು, ‘ನಾದಬಾಣ’ ಎಂದು ಬೋರ್ಡು ಹಾಕಿದಳು. ಅದೊಂದು ವಿಡಿಯೋ ಗೇಮ್. ಗುಂಡಿ ಒತ್ತುವುದಿಲ್ಲ, ಬಂದೂಕು ಹಿಡಿಯುವುದಿಲ್ಲ. ದೊಡ್ಡ ಪರದೆಯ ಮುಂದೆ ನಿಂತು ಕೈಯಾಡಿಸಬೇಕು. ಪರದೆಯ ಮೇಲಿನ ಕ್ಯಾಮೆರಾ ಕೈಯನ್ನು ನೋಡುತ್ತಿರುತ್ತದೆ. ಕೈಚಾಚಿ ಗುರಿಯಿಟ್ಟು ಮಣಿಕಟ್ಟು ಜಾಡಿಸಿದರೆ ಬಾಣ ಹೋಗುತ್ತದೆ. ಬಾಣ ತಗುಲಿದ್ದು ಒಡೆಯುವಾಗ ಒಂದು ಸ್ವರ ಹೊರಡುತ್ತದೆ.

ನಮ್ಮೂರಿನ ಸಂಗತಿ ಅವಳಿಗೆ ಯಾರೂ ಹೇಳಿರಲಿಲ್ಲ. ಮೊದಲ ದಿನ ಪರದೆಯ ಕೆಳಗಿಟ್ಟಿದ್ದ ಸ್ಪೀಕರುಗಳು ಒಂದೇ ಆಟಕ್ಕೆ ಮೂಕವಾದವು. ಅವಳು ನಮ್ಮ ಆಫೀಸಿಗೇ ಬಂದು ಕೂಗಾಡಿದಳು. “ಎಂತ ಊರು ಮಾರಾಯ್ರೆ ನಿಮ್ದು? ಕೈ ತೋರಿಸಿದ್ರೆ ಸ್ಪೀಕರ್ ಸಾಯ್ತದಾ? ಮೊದ್ಲೇ ಹೇಳ್ಲಿಕ್ಕೆ ನಿಮ್ಗೆ ಎಂತ ಆಗಿತ್ತು?”

“ಕೈಯಲ್ಲಿ ಆಡೋ ಆಟ ಅಂತ ನಮಗೇನಮ್ಮಾ ಗೊತ್ತು?” ಎಂದೆ.

ಹೊಸ ಸ್ಪೀಕರು ತರಿಸಿ ಆಡುವವರ ಬೆನ್ನ ಹಿಂದಿನ ಗೋಡೆಗೆ ಹಾಕಿಸಿದಳು. ಪರದೆಗೆ ತನ್ನದೇ ಆದ ದನಿಯಿಲ್ಲ, ಅದಕ್ಕೆ ಎಷ್ಟು ಕೈ ಚಾಚಿದರೂ ಕಳೆದುಕೊಳ್ಳುವುದು ಏನೂ ಇಲ್ಲ. ಆಟ ಶುರುವಾಯಿತು. ನಾನು, ಅಕ್ಕ, ತಂಗಿ ಮೂವರೂ ಹೋದೆವು. ವಾರಿಜಾ ಮೇಡಂ ಆಟೋದಲ್ಲಿ, “ಒಂದು ಸಂಜೆ ದಂಡ” ಎಂದರು. ಅವರಿಗೆ ಅಕ್ಕನನ್ನು ಬಿಟ್ಟು ಹೋಗಿ ಅಭ್ಯಾಸವಿಲ್ಲದ ಕಾರಣ ಕುಮುದಾ ಜೊತೆಗೆ ಬಂದಿದ್ದರು, ಅಷ್ಟೆ.

ಮೊದಲು ವಾರಿಜಾ ಮೇಡಂ ಆಡಿದರು. ಆಡಿದರು ಎನ್ನುವುದು ಹೆಚ್ಚಾಯಿತು. ಸೊಂಟದ ಚೀಲದಿಂದ ಕೈ ಬಹಳ ಹೊತ್ತು ಹೊರಬರಲಿಲ್ಲ. ಬಂದದ್ದು ಎದೆಯ ಎತ್ತರಕ್ಕೆ ಬಂದು ನಿಂತಿತು. ಎತ್ತಬೇಡ, ಎತ್ತಬೇಡ ಎಂದು ತಾಯಿ ಹಾಲಿನ ಜೊತೆ ಕುಡಿಸಿದ ಮಾತು ಅದು. ಟಾಕೀಸಿನಲ್ಲಿ ಎತ್ತು ಎಂದರೆ ಏಳುವುದಿಲ್ಲ. ನನ್ನ ಪಾಡೂ ಅದೇ ಆಯಿತು. ಪರದೆಯ ಕತ್ತಲೆಯಿಂದ ನೀಲಿ ಹೂಗಳು ತೇಲಿ ಬಂದವು, ಹೂವಿನೊಳಗಿನಿಂದ ಗಾಜಿನ ಮೀನುಗಳು, ಮೀನಿನ ಹೊಟ್ಟೆಯಿಂದ ಕೆಂಪು ಕಿಡಿಗಳು. ಎಲ್ಲ ನಮ್ಮ ಮೈಮೇಲೆ ಹಾದು ಹೋದವು. ನಮ್ಮ ಆಟ ಮುಗಿಯಿತು.

ಕುಮುದಾ ಎದ್ದು ನಿಂತರು. ಆಟದ ಜೊತೆ ಬಡಿಯುತ್ತಿದ್ದ ತಾಳ ಕೇಳಿಸಿಕೊಂಡರು. ಆಮೇಲೆ ಬಲಗೈ ಎತ್ತಿದರು. ತೋಳು ಪೂರ್ತಿ ಚಾಚಿತ್ತು, ಬೆರಳುಗಳು ಬಿಡಿಯಾಗಿದ್ದವು. ನಾನು ಬಾಯಿ ಮುಚ್ಚಿಕೊಂಡೆ. ಮೊದಲ ಹೂ ಒಡೆಯಿತು, ಷಡ್ಜ ಹೊರಟಿತು. ಅವರು ಕೈ ತಡೆದರು. ಎರಡನೆಯದಕ್ಕೆ ಆತುರ ಮಾಡಲಿಲ್ಲ, ತಾಳ ತಿರುಗಿ ಬರುವ ತನಕ ಕಾದು ಹೊಡೆದರು. ಬಾಣ ತಾಳಕ್ಕೆ ಸರಿಯಾಗಿ ಬಿದ್ದರೆ ಸ್ವರಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ ಎನ್ನುವುದನ್ನು ಫಿಲೋಮಿನಾ ನಮಗೂ ಹೇಳಿದ್ದಳು, ನಮಗೆ ಅರ್ಥವಾಗಿರಲಿಲ್ಲ. ಈಗ ಆಯಿತು. ಒಂದು ಕೈ ಗುಡಿಸಿ ತಂದ ಗುರಿಗಳಿಗೆ ಇನ್ನೊಂದು ಕೈ ಬಾಣ ಬಿಡುತ್ತಿತ್ತು. ಬಣ್ಣಗಳು ಅವರ ಮುಖದ ಮೇಲೆ ಹರಿದಾಡುತ್ತಿದ್ದವು. ಬೆನ್ನ ಹಿಂದಿನ ಗೋಡೆಯಿಂದ ಹಾಡೇ ಬರುತ್ತಿತ್ತು. ಊರಿನವರೆಲ್ಲ ಬಲ್ಲ, ಅವರದೇ ಆದ, ಸ್ವರದ ಬಾಗಿಲಲ್ಲಿ ತುಸು ತಡೆದು ಒಳಗೆ ಹೋಗುವ ಆ ರೀತಿ.

ವಾರಿಜಾ ಮೇಡಂ ಅಳುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಆ ವಾರ ಅವರು ಬರೆದ ವಿಮರ್ಶೆಯ ಪ್ರೂಫು ನಾನೇ ನೋಡಿದೆ. ‘ನಮ್ಮ ಕೈಗಳು ಈವರೆಗೆ ಕಿತ್ತುಕೊಳ್ಳುವುದನ್ನು ಮಾತ್ರ ಕಲಿತಿದ್ದವು. ಈ ಆಟದ ಮುಂದೆ ಅವು ಕೊಡಲು ಕಲಿಯುತ್ತವೆ. ಕೊಲ್ಲುವ ಆಟವೆಂದು ಕರೆಯುವವರು ಕಿವಿ ಮುಚ್ಚಿಕೊಂಡು ಆಡಿದವರು’ ಎಂದು ಬರೆದಿದ್ದರು. ಒಂದೇ ಒಂದು ಕೊಂಕಿಲ್ಲ. ಸಂಪಾದಕರು ಬರೆದವರ ಹೆಸರು ತಪ್ಪಾಗಿದೆಯೇ ಎಂದು ಎರಡು ಸಲ ಕೇಳಿದರು.

ಎಲ್ಲರೂ ಹಾಗೆ ಬರೆಯಲಿಲ್ಲ. ಮುನಿಸಿಪಾಲಿಟಿ ರೇಡಿಯೋದಲ್ಲಿ ಹೊಸ ಕಾಲದ ಆಟಗಳ ಬಗ್ಗೆ ಮಾತಾಡುವ ಹುಡುಗಿಯೊಬ್ಬಳು, ಇದು ಬಹಳ ಚಿಕ್ಕ ಆಟ, ಇರುವುದು ಐದೇ ಹಂತ, ಐದೇ ಲೋಕ, ಕೂತರೆ ಒಂದು ಸಂಜೆಗೆ ಮುಗಿಯುತ್ತದೆ, ಭುಜ ಹಿಡಿದುಕೊಳ್ಳುತ್ತದೆ, ಸೋತರೆ ಲೋಕದ ಮೊದಲಿಗೇ ಹೋಗಬೇಕು, ಕಣ್ಣಿಗೆ ಹಬ್ಬವೇ ಹೊರತು ಆಟವಾಗಿ ತೆಳು ಎಂದಳು. ಅವಳು ಹೇಳಿದ್ದು ಸುಳ್ಳೇನಲ್ಲ. ಕಟುವಾಗಿ ಬರೆದವರು ಗುರುಸಿದ್ದಪ್ಪ ಮೇಷ್ಟ್ರು. ಸಂಗೀತಶಾಲೆ ನಡೆಸುತ್ತಿದ್ದವರು, ಕುಮುದಾಗೆ ಸರಳೆ ಜಂಟಿಯ ಮೊದಲ ಪಾಠ ಹೇಳಿಕೊಟ್ಟವರು, ‘ಚಾವಡಿ’ ಪತ್ರಿಕೆಗೆ ಸಂಗೀತ ವಿಮರ್ಶೆ ಬರೆಯುತ್ತಿದ್ದವರು. ‘ಹೊಡೆದರೆ ಹುಟ್ಟುವುದು ಸ್ವರವಲ್ಲ, ಪೆಟ್ಟಿನ ಸದ್ದು. ಅದು ಇಂಪಾಗಿದ್ದರೆ ಇನ್ನೂ ಅಪಾಯ. ಮನಸ್ಸು ಪರದೆ ಯಾವುದು, ಬೀದಿ ಯಾವುದು ಎಂದು ಬಲ್ಲದು. ಕೈ ಬಲ್ಲದೆ?’ ಎಂದು ಬರೆದರು.

ವಾರಿಜಾ ಮೇಡಂ ಅದನ್ನು ಓದಿ ಪತ್ರಿಕೆ ಮಡಿಸಿಟ್ಟರು. “ಮೇಷ್ಟ್ರಿಗೆ ವಯಸ್ಸಾಯ್ತು” ಎಂದರು.

ಊರು ಟಾಕೀಸಿಗೆ ಮುಗಿಬಿತ್ತು. ದನಿ ಹೋದವರು ಸಾಲುಗಟ್ಟಿ ಬಂದರು. ಗಂಡನ ಜಗಳದಲ್ಲಿ ಮಾತು ಕಳೆದುಕೊಂಡ ಹೆಂಗಸರು, ಹುಟ್ಟಿದ ವರ್ಷದಲ್ಲೇ ಅಣ್ಣತಮ್ಮಂದಿರ ಕೈಗೆ ಸಿಕ್ಕವರು. ಕುಮುದಾ ದಿನವೂ ಹೋಗುತ್ತಿದ್ದರು. ಅವರು ಆಡುವಾಗ ಉಳಿದವರು ಸಾಲು ಬಿಟ್ಟು ಕೂತು ಕೇಳುತ್ತಿದ್ದರು. ಫಿಲೋಮಿನಾ ಅವರಿಗೆಂದೇ ಒಂದು ಕುರ್ಚಿ ಹಾಕಿಸಿದಳು. ಮನೆಗೆ ಬಂದ ಮೇಲೂ ಅವರ ಮುಖದಲ್ಲಿ ಬೆಳಕಿರುತ್ತಿತ್ತು ಎಂದು ವಾರಿಜಾ ಮೇಡಂ ಹೇಳುತ್ತಿದ್ದರು. “ಅನ್ನ ಕೇಳಿ ಹಾಕಿಸ್ಕೊಂಡು ಊಟ ಮಾಡ್ತಾಳೆ ಕಣ್ರೀ. ನನ್ನ ಅಂಗೈ ತುಂಬ ಬರೀತಾಳೆ, ಬರೆದದ್ದು ಅರ್ಥ ಆಗೋ ಮೊದ್ಲೇ ಮುಂದಿನ ಮಾತು!”

ಮೊದಲು ದನಿ ಹೋದದ್ದು ಟೀ ಅಂಗಡಿಯ ಗಿಳಿಗೆ. ಟಾಕೀಸಿನಿಂದ ಬಂದು ಟೀ ಕುಡಿಯುತ್ತಿದ್ದವನೊಬ್ಬ, ಗಿಳಿ ಕೂಗಿದ್ದೇ ತಡ, ಕೈ ಜಾಡಿಸಿದ. ಜನ ನಕ್ಕರು. ಆಮೇಲೆ ಸೊಪ್ಪು ಮಾರುವ ಹೊನ್ನಮ್ಮನಿಗೆ. ಬೀದಿಯಲ್ಲಿ ಎಳೆದು ಕೂಗಿಕೊಂಡು ಹೋಗುತ್ತಿದ್ದಳು, ಮಹಡಿಯ ಮೇಲೆ ನಿಂತಿದ್ದ ಯಾರದೋ ತೋಳು ಅವಳ ಕೂಗಿನ ತಾಳಕ್ಕೆ ಎದ್ದಿತು. ಮರುದಿನದಿಂದ ಅವಳು ಬುಟ್ಟಿ ಇಟ್ಟುಕೊಂಡು ಬಾಗಿಲು ಬಾಗಿಲಿಗೂ ನಿಂತಳು. ಯಾರೂ ನಗಲಿಲ್ಲ. ಬೇಕೆಂದು ಮಾಡಿದವರು ಒಬ್ಬರೂ ಇರಲಿಲ್ಲ. ತಾಳ ಕೇಳಿದರೆ ಕೈ ತಾನಾಗಿ ಏಳುತ್ತಿತ್ತು. ಕೆಲವರು ಟಾಕೀಸಿನಿಂದ ಹೊರಡುವಾಗ ತೋಳುಗಳನ್ನು ಮೈಗೆ ಸೇರಿಸಿ ಪಂಚೆಯಿಂದ ಕಟ್ಟಿಸಿಕೊಂಡು ಹೋಗತೊಡಗಿದರು. ಆದರೂ ಹೋಗುವುದನ್ನು ಬಿಡಲಿಲ್ಲ.

ಅಂಚೆ ಕಚೇರಿಯ ಶಿವಲೀಲಾ ಗುರುಸಿದ್ದಪ್ಪ ಮೇಷ್ಟ್ರ ಹಳೆಯ ಶಿಷ್ಯೆ. ಒಂದು ಸಂಜೆ ಆಟ ಮುಗಿಸಿಕೊಂಡೇ ಪಾಠಕ್ಕೆ ಹೋದಳು. ಮೇಷ್ಟ್ರು ಕಣ್ಣು ಮುಚ್ಚಿ ಒಂದು ಸಂಚಾರ ಹಾಡಿ ತೋರಿಸುತ್ತಿದ್ದರಂತೆ. ಅವಳ ಕೈ ಎದ್ದಿತು. ಅವಳು ಚೀರಿದ್ದು ಮೇಷ್ಟ್ರಿಗೆ ಕೇಳಿಸಿತು. ತಮ್ಮ ಹಾಡು ಕೇಳಿಸಲಿಲ್ಲ. ಶಾಲೆಯ ಮಕ್ಕಳು ಚಾಪೆ ಸುತ್ತಿಕೊಂಡು ಮನೆಗೆ ಹೋದರು.

ನಾವು ನೋಡಲು ಹೋದಾಗ ಮೇಷ್ಟ್ರು ಒರಗುದಿಂಬಿಗೆ ಆನಿಕೊಂಡು ಕೂತಿದ್ದರು. ಶಿವಲೀಲಾ ಮೂಲೆಯಲ್ಲಿ ಬಿಕ್ಕುತ್ತಿದ್ದಳು. ವಾರಿಜಾ ಮೇಡಂ ಬಾಗಿಲಲ್ಲೇ ನಿಂತು, “ಮೇಷ್ಟ್ರೇ, ನೀವು ಹೇಳಿದ್ದು ನಿಜ ಆಯ್ತು. ನನ್ನ ವಿಮರ್ಶೆ ತಪ್ಪು ಅಂತ ಈ ವಾರವೇ ಬರೀತೀನಿ” ಎಂದರು.

ಮೇಷ್ಟ್ರು ಗದ್ದ ಆಡಿಸಿ ಹತ್ತಿರ ಕರೆದು ಅವರ ಅಂಗೈಯನ್ನು ಎಳೆದುಕೊಂಡರು. ಅವರಿಗೆ ಹಾಗೆ ಬರೆದು ರೂಢಿಯಿಲ್ಲ, ಬಹಳ ಹೊತ್ತು ಹಿಡಿಯಿತು. ವಾರಿಜಾ ಮೇಡಂ ಒಂದೊಂದೇ ಪದ ಗಟ್ಟಿಯಾಗಿ ಓದಿದರು. “ಕುಮುದಾ ಆಡಿದ್ದು ಕೇಳಿದೆ. ಕಿಟಕಿ ಹೊರಗೆ ನಿಂತು. ಸ್ವರ ಹೌದು. ನಾನು ಬರೆದದ್ದು ತಪ್ಪು.” ಮೇಷ್ಟ್ರು ಬೆರಳು ತೆಗೆದು, ಉಸಿರು ತೆಗೆದುಕೊಂಡು ಮತ್ತೆ ಬರೆದರು. “ಆಟದ ಬಗ್ಗೆ ಬರಿ. ನನ್ನ ಬಗ್ಗೆ ಮರುಕ ಬರೀಬೇಡ.”

ಮುನಿಸಿಪಾಲಿಟಿಯವರು ಅಷ್ಟರಲ್ಲಿ ಸಭೆ ಕರೆದಿದ್ದರು. ಮುಚ್ಚಿಸಿದರೆ ಟಾಕೀಸಿಗೆ ಹೋಗುವವರೆಲ್ಲ ತಿರುಗಿಬೀಳುತ್ತಾರೆ, ಬಿಟ್ಟರೆ ದನಿ ಹೋದವರ ಮನೆಯವರು ಬಿಡುವುದಿಲ್ಲ. ಅಧ್ಯಕ್ಷರು ಬುದ್ಧಿವಂತರು. “ಈ ಆಟಾನ ಮೇಲೆತ್ತಿದ್ದು ‘ಕಿವಿಮಾತು’. ಬರೆದೋರೇ ಹೇಳ್ಲಿ. ಅವರು ಮುಂದಿನ ಸಂಚಿಕೇಲಿ ಏನು ಬರೀತಾರೋ ಹಾಗೇ ಮಾಡೋಣ” ಎಂದು ಕೈತೊಳೆದುಕೊಂಡರು.

ವಾರಿಜಾ ಮೇಡಂ ಏನು ಬರೆಯುತ್ತಾರೆಂದು ನನಗೆ ತಿಳಿಯಲಿಲ್ಲ. ಮುಚ್ಚಿ ಎಂದರೆ ಅಕ್ಕನ ಗಂಟಲನ್ನು ಎರಡನೆಯ ಸಲ ಕತ್ತರಿಸಿದ ಹಾಗೆ. ಅವರು ಹಾಳೆ ಮುಂದಿಟ್ಟುಕೊಂಡು ಕೂರುತ್ತಿದ್ದರು, ಏಳುತ್ತಿದ್ದರು. ಪುಟ ಕಟ್ಟುವ ದಿನ ಬೆಳಿಗ್ಗೆ ಆಫೀಸಿಗೆ ಬಂದವರು ತಮ್ಮ ಮೇಜಿಗೆ ಹೋಗದೆ ನನ್ನ ಮೇಜಿನ ಪಕ್ಕ ನಿಂತರು.

“ಏನಾಯ್ತು ಮೇಡಂ?”

“ಬೆಳಿಗ್ಗೆ ದೋಸೆ ಹುಯ್ತಿದ್ದೆ. ಏನೋ ಒಂದು ಗುನುಗ್ತಾ ಇದ್ದೆ. ನನಗೇ ಗೊತ್ತಿರಲಿಲ್ಲ ಗುನುಗ್ತಿದೀನಿ ಅಂತ.” ಅವರು ಮೇಜಿನ ಅಂಚು ಹಿಡಿದುಕೊಂಡರು. “ತಿರುಗಿ ನೋಡಿದ್ರೆ ಅಕ್ಕನ ಕೈ ಮಡಿಲಿಂದ ಏಳ್ತಾ ಇದೆ. ಎಡಗೈಲಿ ಅದನ್ನ ಹಿಡ್ಕೊಂಡು ಕೆಳಕ್ಕೆ ಎಳೀತಿದಾಳೆ. ಹಾವು ಹಿಡ್ದೋರ ಹಾಗೆ. ತಟ್ಟೆ ಉರುಳಿ ಬಿತ್ತು. ಇಬ್ರೂ ಆ ಕೈಯನ್ನೇ ನೋಡಿದ್ವಿ.”

“ಅವರು ಏನಂದ್ರು?”

“ಏನೂ ಬರೀಲಿಲ್ಲ.”

ಆ ಮಧ್ಯಾಹ್ನ ಅವರು ಬರೆದು ಮುಗಿಸಿದರು. ಅಚ್ಚಿಗೆ ಕಳಿಸುವ ಮೊದಲು ಅಕ್ಕನಿಗೆ ಓದಿ ಹೇಳಬೇಕು, ನೀವೂ ಬನ್ನಿ ಎಂದರು. ಒಬ್ಬರೇ ಹೋಗಲು ಅವರಿಗೆ ಧೈರ್ಯವಿರಲಿಲ್ಲ ಎಂದು ಕಾಣುತ್ತದೆ. ಕುಮುದಾ ನಡುಮನೆಯಲ್ಲಿ ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತಿದ್ದರು. ವಾರಿಜಾ ಮೇಡಂ ಓದಿದರು. ‘ನಾದಬಾಣ ನಾನು ನೋಡಿದ ಆಟಗಳಲ್ಲಿ ಅತ್ಯಂತ ಸುಂದರವಾದದ್ದು. ಹಿಂದೆ ಬರೆದ ಒಂದು ಸಾಲನ್ನೂ ನಾನು ವಾಪಸು ತೆಗೆದುಕೊಳ್ಳುವುದಿಲ್ಲ. ಆದರೆ ಇದು ನಮ್ಮ ಊರಿಗೆ ಹೇಳಿ ಮಾಡಿಸಿದ್ದಲ್ಲ. ಇಲ್ಲಿ ಇದು ಇರಬಾರದು.’ ಉಳಿದದ್ದನ್ನು ಓದಲು ಅವರಿಂದ ಆಗಲಿಲ್ಲ.

ಕುಮುದಾ ತಂಗಿಯ ಅಂಗೈ ಕೇಳಿದರು. ಬರೆದರು. ವಾರಿಜಾ ಮೇಡಂ ಉತ್ತರ ಕೊಟ್ಟದ್ದರಿಂದ ನನಗೆ ಪ್ರಶ್ನೆ ತಿಳಿಯಿತು.

“ಇಲ್ಲ ಅಕ್ಕಾ, ನಿನ್ನೊಬ್ಬಳಿಗೆ ಅಂತ ಆಟ ಇಟ್ಕೊಳ್ಳೋಕೆ ಮುನಿಸಿಪಾಲಿಟಿಯೋರು ಒಪ್ಪಲ್ಲ. ಒಪ್ಪಿದ್ರೂ...”

ಕುಮುದಾ ಮತ್ತೇನೋ ಬರೆದರು.

“ಹೌದು. ನನಗೆ ಭಯ ಆಯ್ತು. ಬೆಳಿಗ್ಗೆ ಭಯ ಆಯ್ತು. ಸುಳ್ಳು ಹೇಳಲ್ಲ.”

ಕುಮುದಾ ತಂಗಿಯ ಮುಖವನ್ನು ನೋಡಿದರು. ಆಮೇಲೆ ಆ ಅಂಗೈಯನ್ನು ತಾವೇ ಮಡಿಸಿ, ಮುಷ್ಟಿ ಮಾಡಿ, ತಂಗಿಯ ಮಡಿಲಲ್ಲಿಟ್ಟು ಎದ್ದು ಒಳಗೆ ಹೋದರು. ನಮ್ಮೂರಿನಲ್ಲಿ ದನಿ ಹೋದವರು ಮಾತು ಬಿಡುವುದು ಹಾಗೆ.

ವಿಮರ್ಶೆ ಅಚ್ಚಾಯಿತು, ಟಾಕೀಸಿಗೆ ಬೀಗ ಬಿತ್ತು. ಕೆಲವರು ‘ಕಿವಿಮಾತು’ ಆಫೀಸಿನ ಬಾಗಿಲಿಗೆ ಸಗಣಿ ಎರಚಿದರು. ಗಂಡನಿಂದ ಮಾತು ಕಳೆದುಕೊಂಡಿದ್ದ ಹೆಂಗಸೊಬ್ಬಳು ವಾರಿಜಾ ಮೇಡಂ ಎದುರು ಬಂದು ನಿಂತು, ಅವರ ಕೈ ಹಿಡಿದು, ಏನೂ ಬರೆಯದೆ ಬಿಟ್ಟು ಹೋದಳು. ಮನೆಯಲ್ಲಿ ಕುಮುದಾ ಅಡಿಗೆ ಮಾಡುತ್ತಿದ್ದರು, ಬಡಿಸುತ್ತಿದ್ದರು, ಅಂಗೈ ಕೇಳುತ್ತಿರಲಿಲ್ಲ. ವಾರಿಜಾ ಮೇಡಂ ಊಟದ ಹೊತ್ತಿಗೆ ಎಡಗೈ ಬಿಚ್ಚಿ ತಟ್ಟೆಯ ಪಕ್ಕದಲ್ಲಿ ಇಟ್ಟುಕೊಂಡು ಕೂರುತ್ತಿದ್ದರಂತೆ.

ಫಿಲೋಮಿನಾ ಸಾಮಾನು ಕಟ್ಟಿದಳು. ಅವಳಿಗೆ ಸಿಟ್ಟಿರಲಿಲ್ಲ. “ಬೇರೆ ಊರು ಉಂಟಲ್ಲ. ನಿಮ್ಮ ನಾಕಾ ದಾಟಿದ್ರೆ ಕೈ ಬರೀ ಕೈಯೇ” ಎಂದಳು. ನಿಜ, ಈ ಕಾಟ ನಮ್ಮ ಊರಿನ ಎಲ್ಲೆಯ ಒಳಗೆ ಮಾತ್ರ. ಎಲ್ಲೆ ದಾಟಿದರೆ ಹೋದ ದನಿಯೇನೂ ಬರುವುದಿಲ್ಲ, ಅದಕ್ಕೇ ದನಿ ಹೋದವರು ಊರು ಬಿಡುವುದಿಲ್ಲ. ಅಂಗೈಯಲ್ಲಿ ಬರೆದದ್ದನ್ನು ಓದಬಲ್ಲವರು ಹೊರಗೆ ಯಾರಿದ್ದಾರೆ?

ಲಾರಿ ಹೊರಡುವ ದಿನ ಕುಮುದಾ ಒಂದು ಟ್ರಂಕು ಹಿಡಿದುಕೊಂಡು ಟಾಕೀಸಿನ ಮುಂದೆ ಬಂದು ನಿಂತರು. ವಿಷಯ ತಿಳಿದು ನಾವು ಆಫೀಸಿನಿಂದ ಓಡಿದೆವು. ಫಿಲೋಮಿನಾ ನಮಗೆ ಮೊದಲೇ ಹೇಳಿದಳು. “ನಾನು ಕರೀಲಿಲ್ಲ ಆಯ್ತಾ. ಅವ್ರೇ ಬಂದದ್ದು. ಊರೂರಲ್ಲಿ ಆಟ ಆಡಿ ತೋರಿಸ್ತಾರಂತೆ, ನನ್ನ ಅಂಗೈಗೆ ನಾಕು ಸಲ ಬರ್ದು ತಿಳಿಸಿದ್ರು. ನಂಗೆ ಬೇಡ ಹೇಳ್ಲಿಕ್ಕೆ ಆಗುದಿಲ್ಲ.”

“ಅಕ್ಕಾ, ಅಲ್ಲಿ ಯಾರಿದಾರೆ ನಿನಗೆ? ನಿನ್ನ ಮಾತು ಯಾರಿಗೆ ತಿಳಿಯುತ್ತೆ?” ವಾರಿಜಾ ಮೇಡಂ ಅಂಗೈ ಬಿಚ್ಚಿ ಮುಂದೆ ಹಿಡಿದರು. “ಇರು, ನಾನೂ ಬರ್ತೀನಿ.”

ಕುಮುದಾ ಎಷ್ಟೋ ದಿನಗಳ ಮೇಲೆ ಆ ಅಂಗೈ ಹಿಡಿದರು. ಬರೆದದ್ದು ಏನೆಂದು ನನಗೆ ವಾರಿಜಾ ಮೇಡಂ ಆಮೇಲೆ ಹೇಳಿದರು. ‘ನೀನು ಬರಬೇಡ. ಆಚೆಗೂ ಈ ಕೈ ಏಳುತ್ತೆ. ನೀನು ಗುನುಗ್ತೀಯ.’

ಲಾರಿ ಹೊರಟಿತು. ನಾಕಾದವರೆಗೆ ನಾವೂ ಹಿಂದೆಯೇ ಆಟೋದಲ್ಲಿ ಹೋದೆವು. ಅಡ್ಡಗಂಬ ಮೇಲೆದ್ದಿತು, ಲಾರಿ ಆಚೆಗೆ ಹೋಯಿತು, ಹೋಗಿ ರಸ್ತೆ ಬದಿಗೆ ನಿಂತಿತು. ಕುಮುದಾ ಇಳಿದು ನಮ್ಮ ಕಡೆ ತಿರುಗಿದರು. ತಾವು ನಿಂತ ನೆಲವನ್ನು ಒಮ್ಮೆ ನೋಡಿಕೊಂಡರು. ಆಮೇಲೆ ಬಲಗೈ ಎತ್ತಿ, ತೋಳನ್ನು ಪೂರ್ತಿ ಚಾಚಿ, ತಂಗಿಯ ಕಡೆಗೆ ಬೀಸಿದರು.

ನಾಕಾದ ಪೇದೆ ನೆಲಕ್ಕೆ ಕುಕ್ಕರಿಸಿ ಬಾಯಿ ಮುಚ್ಚಿಕೊಂಡ. ಆಟೋದವನೂ ಬಗ್ಗಿದ. ನಾನೂ ಬಗ್ಗಿದೆ. ಆಚೆಯ ಕೈಗೆ ಆ ಬಲವಿಲ್ಲವೆಂದು ತಿಳಿದೂ ಬಗ್ಗಿದೆ. ವಾರಿಜಾ ಮೇಡಂ ನೆಟ್ಟಗೆ ನಿಂತೇ ಇದ್ದರು. ಅವರು ತಿರುಗಿ ಕೈ ಬೀಸುವ ಹಾಗಿರಲಿಲ್ಲ, ಅವರಿದ್ದದ್ದು ಈಚೆ. ಬೀಸಿದರೆ ಹೋಗಲು ಅಕ್ಕನಲ್ಲಿ ಏನೂ ಉಳಿದಿರಲಿಲ್ಲ, ಆದರೂ ಬೀಸಲಿಲ್ಲ. ಎರಡೂ ಕೈಗಳನ್ನು ಎದೆಗೆ ಒತ್ತಿ ಹಿಡಿದುಕೊಂಡಿದ್ದರು. ಕುಮುದಾ ಬೀಸುತ್ತಲೇ ಇದ್ದರು, ಒಮ್ಮೆಯೂ ತಾಳಕ್ಕಲ್ಲ, ಹೇಗೆ ಬಂತೋ ಹಾಗೆ, ಕೈ ಸೋಲುವ ತನಕ. ಆಮೇಲೆ ಲಾರಿ ಹತ್ತಿದರು.

ಧೂಳು ಇಳಿದ ಮೇಲೆ ನಾನು ಎದ್ದು ಅವರ ಹತ್ತಿರ ಹೋದೆ. “ಮೇಡಂ?” ಎಂದೆ. ಅವರು ಬಾಯಿ ತೆರೆದರು. ಒಂದು ಗಳಿಗೆ ಏನೂ ಹೊರಡಲಿಲ್ಲ.

“ಇದೆ,” ಎಂದರು ವಾರಿಜಾ ಮೇಡಂ. “ದನಿ ಇದೆ.” ಯಾರದೋ ವಸ್ತುವನ್ನು ಕೈಯಲ್ಲಿ ಹಿಡಿದವರಂತೆ ಹೇಳಿದರು. ಊರು ಮುಟ್ಟುವ ತನಕ ಅದನ್ನು ಮತ್ತೆ ಬಳಸಲಿಲ್ಲ.